ಅರ್ಥ ಆಮೇಲೆ ಹೇಳೋಣ, ಮೊದಲು ಮಕ್ಕಳ ಕಿವಿಗೆ ಕಾವ್ಯ ಬೀಳಲಿ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ ಮತ್ತು ಮಾನ್ಯ ಗ್ರಾಮೀಣಾಭಿವೃದ್ಧಿ ಹಾಗೂ ಪಂಚಾಯತ್ ರಾಜ್ ಸಚಿವರಿಗೆ,

ಮಾನ್ಯರೆ,

ಮಂಡ್ಯ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಇಪ್ಪತ್ತೊಂದು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿರುವ ಶಿಕ್ಷಕಿ ನಾನು. ಮನವಿಗಳನ್ನು ಇಲಾಖೆಯ ಮೂಲಕವೇ ಕಳಿಸಿ ಅಭ್ಯಾಸವಿರುವ ನಾನು ಈ ಬಾರಿ ಎಲ್ಲರೂ ಓದುವಂತೆ ಬಹಿರಂಗವಾಗಿ ಬರೆಯುತ್ತಿದ್ದೇನೆ. ಏಕೆಂದರೆ ನಾನು ಹೇಳಬೇಕೆಂದಿರುವುದು ಸಚಿವರಿಗೆ ಎಷ್ಟು ಸಂಬಂಧಿಸಿದೆಯೋ ನಮ್ಮ ಶಾಲೆಗಳಿಗೆ ಮಕ್ಕಳನ್ನು ಕಳಿಸುವ ತಂದೆತಾಯಿಗಳಿಗೂ ನನ್ನ ಸಹೋದ್ಯೋಗಿಗಳಿಗೂ ಅಷ್ಟೇ ಸಂಬಂಧಿಸಿದೆ. ಕೆಲವು ವರ್ಷಗಳಿಂದ ನಾನು ಹೋಗಿಬಂದ ತರಬೇತಿಗಳಲ್ಲಿ, ಫಲಿತಾಂಶದ ಪರಿಶೀಲನಾ ಸಭೆಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತಿದೆ. ಹಳಗನ್ನಡ, ನಡುಗನ್ನಡ ಕಾವ್ಯಗಳು ಈಗಿನ ಮಕ್ಕಳಿಗೆ ಒಗ್ಗುವುದಿಲ್ಲ, ಅವರಿಗೆ ಅದರಲ್ಲಿ ಆಸಕ್ತಿಯಿಲ್ಲ, ಪಾಸಾಗಲು ಬೇಕಾದಷ್ಟನ್ನು ಬಾಯಿಪಾಠ ಮಾಡಿಸಿ ಮುಂದಕ್ಕೆ ಹೋಗಿ ಎಂಬುದೇ ಆ ಮಾತು. ಅದನ್ನು ಹೇಳುವವರಲ್ಲಿ ಕೆಟ್ಟ ಉದ್ದೇಶವಿಲ್ಲವೆಂದು ಬಲ್ಲೆ. ಆದರೆ ಅದು ನಿಜವಲ್ಲ. ಮಕ್ಕಳಿಗೆ ಹಳೆಯ ಕಾವ್ಯ ಬೇಡವಾಗಿಲ್ಲ. ನಾವು ಅದನ್ನು ಅವರ ಮುಂದಿಡುವ ಕ್ರಮ ಬೇಡವಾಗಿದೆ. ಈ ಎರಡನ್ನೂ ಒಂದೇ ಎಂದು ತಿಳಿದು ನಾವು ಕಾವ್ಯವನ್ನೇ ಕಡಿಮೆ ಮಾಡಲು ಹೊರಟರೆ, ಹತ್ತು ಶತಮಾನಗಳಿಗೂ ಹೆಚ್ಚು ಕಾಲದ ಕನ್ನಡವು ಸರ್ಕಾರಿ ಶಾಲೆಯ ಮಕ್ಕಳ ಕೈತಪ್ಪಿ ಹೋಗುತ್ತದೆ.

ಮೂರು ವರ್ಷಗಳ ಹಿಂದೆ, ಮಳೆಗಾಲದ ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಹತ್ತನೇ ತರಗತಿಯ ಕೋಣೆಯೊಳಗೆ ಕಪ್ಪು ಹಲಗೆಯ ಮೇಲಿನ ಅಕ್ಷರ ಕಾಣದಷ್ಟು ಮಬ್ಬು. ಬರೆಸುವಂತಿಲ್ಲ, ಓದಿಸುವಂತಿಲ್ಲ. ರನ್ನನ ಗದಾಯುದ್ಧದಿಂದ ಆಯ್ದ ಪದ್ಯಭಾಗವೊಂದು ಪಠ್ಯದಲ್ಲಿತ್ತು. ಪಠ್ಯವನ್ನು ಮುಚ್ಚಿಟ್ಟು, ಅದರಲ್ಲಿಲ್ಲದ ಒಂದು ಕಂದಪದ್ಯವನ್ನು ನನಗೆ ಬಾಯಿಗೆ ಬರುತ್ತಿದ್ದ ಕಾರಣಕ್ಕೆ ಗಟ್ಟಿಯಾಗಿ ಹೇಳಿದೆ. ಅದಕ್ಕೂ ಮೊದಲು ನಾನು ತಿಳಿಸಿದ್ದು ಇಷ್ಟೇ: ಯುದ್ಧ ಮುಗಿಯುತ್ತ ಬಂದಿದೆ, ತಮ್ಮಂದಿರೆಲ್ಲ ಸತ್ತಿದ್ದಾರೆ, ದುರ್ಯೋಧನ ವೈಶಂಪಾಯನ ಸರೋವರದೊಳಗೆ ಮುಳುಗಿ ಅಡಗಿದ್ದಾನೆ, ದಡದ ಮೇಲೆ ಭೀಮ ನಿಂತು ಗರ್ಜಿಸುತ್ತಿದ್ದಾನೆ.

ಆ ರವಮಂ ನಿರ್ಜಿತಕಂ-
ಠೀರವರವಮಂ ನಿರಸ್ತಘನರವಮಂ ಕೋ-
ಪಾರುಣನೇತ್ರಂ ಕೇಳ್ದಾ
ನೀರೊಳಗಿರ್ದುಂ ಬೆಮರ್ತನುರಗಪತಾಕಂ

ಒಮ್ಮೆ ಹೇಳಿದೆ. ಯಾರೂ ಮಾತಾಡಲಿಲ್ಲ. ಎರಡನೆಯ ಸಲ 'ರವಮಂ, ರವಮಂ, ರವಮಂ' ಎಂಬಲ್ಲಿ ದನಿಯೇರಿಸಿದಾಗ ಹಿಂದಿನ ಬೆಂಚಿನವರು ನೆಟ್ಟಗೆ ಕುಳಿತರು. ಸಿಂಹದ ಗರ್ಜನೆಯನ್ನು ಸೋಲಿಸಿದ ದನಿ, ಮೋಡದ ಗುಡುಗನ್ನು ಮೀರಿಸಿದ ದನಿ ಎಂದಷ್ಟೇ ಬಿಡಿಸಿ, ಕೊನೆಯ ಸಾಲನ್ನು ಬಿಡಿಸದೆ ಹಾಗೆಯೇ ಬಿಟ್ಟೆ. ರಜೆ ದಿನಗಳಲ್ಲಿ ಅಪ್ಪನ ಜೊತೆ ಆಲೆಮನೆಗೆ ಹೋಗಿಬರುವ ಹುಡುಗನೊಬ್ಬ, ವರ್ಷವಿಡೀ ತರಗತಿಯಲ್ಲಿ ಬಾಯಿ ಬಿಟ್ಟವನಲ್ಲ, ಎದ್ದು ನಿಂತ. "ನೀರೊಳಗಿದ್ರೂವೆ ಬೆವತ್‌ಬುಟ್ನಾ ಮಿಸ್?" ಎಂದ. ಕೊಪ್ಪರಿಗೆಯ ಮುಂದೆ ನಿಂತು ಬೆವರುವುದನ್ನು ಬಲ್ಲವನಿಗೆ ಕೆರೆಯೊಳಗೆ ಮುಳುಗಿರುವವನು ಬೆವರುವುದು ಎಂಥ ಮಾತೆಂದು ತಟ್ಟನೆ ಹೊಳೆದಿತ್ತು. ಭಾವಾರ್ಥವನ್ನು ನಾನು ಹೇಳಬೇಕಾಗಿ ಬರಲೇ ಇಲ್ಲ. ಬೆವರಿದ್ದು ಹೆದರಿಕೆಯಿಂದಲೋ ಸಿಟ್ಟಿನಿಂದಲೋ ಎಂದು ತರಗತಿ ಎರಡಾಯಿತು. ಹೆದರಿಕೆಯೆಂದು ಒಂದಷ್ಟು ಜನ. 'ಕೋಪಾರುಣನೇತ್ರಂ' ಎಂದು ಕವಿಯೇ ಹೇಳಿದ್ದಾನೆ, ಕಣ್ಣು ಕೆಂಪಾಗಿರುವಾಗ ಹೆದರಿಕೆ ಹೇಗಾಗುತ್ತದೆ ಎಂದು ಹೆಣ್ಣುಮಕ್ಕಳ ಸಾಲಿನಿಂದ ಒಬ್ಬಳು. ವಿದ್ವಾಂಸರು ತಲೆಕೆಡಿಸಿಕೊಂಡ ಪ್ರಶ್ನೆ ಅದು. ಪೀರಿಯಡ್ ಮುಗಿದ ಗಂಟೆ ಹೊಡೆದ ಮೇಲೂ ಅವರು ಅದನ್ನೇ ಮಾತಾಡುತ್ತಿದ್ದರು. ಇದು ಪರೀಕ್ಷೆಗೆ ಬರುತ್ತದೆಯೇ ಎಂದು ಆ ದಿನ ಯಾರೂ ಕೇಳಲಿಲ್ಲ. ಮಾರನೆಯ ದಿನ ಆ ಪದ್ಯವನ್ನು ಯಾರೂ ಹೇಳಿಕೊಡದೆ ಬಾಯಿಗೆ ತಂದುಕೊಂಡಿದ್ದವರು ಹನ್ನೊಂದು ಮಂದಿ.

ಅದೇ ಮಕ್ಕಳಿಗೆ ಅದೇ ವರ್ಷ ಪಠ್ಯದ ಪದ್ಯವನ್ನು ನಾನು ಮಾಡಿದ ಬಗೆಯನ್ನೂ ಹೇಳಬೇಕು. ಮೊದಲು ಕವಿ ಪರಿಚಯ: ಕಾಲ, ಸ್ಥಳ, ಆಶ್ರಯದಾತ, ಕೃತಿಗಳು, ಬಿರುದು. ಆಮೇಲೆ ಪದಗಳ ಅರ್ಥ, ಆಮೇಲೆ ಭಾವಾರ್ಥ, ಆಮೇಲೆ 'ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ', ಆಮೇಲೆ ಪ್ರಸ್ತಾರ ಹಾಕಿ ಗಣ ವಿಂಗಡಣೆ, ಕೊನೆಗೆ ಕಂಠಪಾಠದ ಸಾಲುಗಳು. ಪದ್ಯವನ್ನು ಪದ್ಯವಾಗಿ ಕೇಳುವುದು ಈ ಪಟ್ಟಿಯಲ್ಲಿ ಎಲ್ಲಿಯೂ ಬರುವುದಿಲ್ಲ. ಪ್ರಥಮ ಭಾಷೆ ಕನ್ನಡಕ್ಕೆ 125 ಅಂಕಗಳಿವೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮ ಹಳ್ಳಿಯ ಎಷ್ಟೋ ಮಕ್ಕಳು ಇಡೀ ಪರೀಕ್ಷೆಯಲ್ಲಿ ನೆಚ್ಚಿಕೊಂಡಿರುವುದು ಆ ಅಂಕಗಳನ್ನೇ. ಆದರೆ ಸ್ವಾರಸ್ಯವನ್ನು ಒಮ್ಮೆಯೂ ಅನುಭವಿಸದ ಮಗುವಿಗೆ ಸ್ವಾರಸ್ಯ ವಿವರಿಸಿ ಎಂದು ಪ್ರಶ್ನೆ ಕೊಟ್ಟಾಗ ಅದು ಗೈಡಿನ ನಾಲ್ಕು ಸಾಲು ಬರೆಯದೆ ಇನ್ನೇನು ಮಾಡೀತು? ಹಳಗನ್ನಡವೆಂದರೆ ಗೈಡಿನಲ್ಲಿರುವ ಉತ್ತರ ಎಂಬ ತಿಳಿವಳಿಕೆ ಹೀಗೆ ಹುಟ್ಟುತ್ತದೆ, ಮತ್ತು ಅದು ಆ ಮಗುವಿನೊಡನೆ ಜೀವಮಾನವೆಲ್ಲ ಉಳಿಯುತ್ತದೆ.

ನಮ್ಮ ಜಿಲ್ಲೆಯ ಜನರಿಗೆ ಹಳೆಯ ಕಥೆಯ ಹಸಿವಿಲ್ಲವೆಂದು ಹೇಳುವವರು ಒಂದು ರಾತ್ರಿ ನಮ್ಮ ಕಡೆಯ ಯಾವುದಾದರೂ ಊರಿನಲ್ಲಿ 'ಕುರುಕ್ಷೇತ್ರ' ನಾಟಕ ನೋಡಬೇಕು. ತಿಂಗಳುಗಟ್ಟಲೆ ಗದ್ದೆ ಕೆಲಸ ಮುಗಿಸಿ ಬಂದು ಹಾರ್ಮೋನಿಯಂ ಮಾಸ್ತರ ಮುಂದೆ ಕುಳಿತು ಪಾತ್ರ ಕಲಿಯುತ್ತಾರೆ, ಪಾತ್ರಕ್ಕಾಗಿ ಕೈಯಿಂದ ದುಡ್ಡು ಹಾಕುತ್ತಾರೆ, ಸೀನರಿಯವರು ಬರುತ್ತಾರೆ, ರಾತ್ರಿ ಶುರುವಾದ ನಾಟಕ ಬೆಳಗಿನ ಜಾವಕ್ಕೆ ಮುಗಿಯುತ್ತದೆ. ಚೆನ್ನಾಗಿ ಹಾಡಿದ ಪದ್ಯಕ್ಕೆ 'ಒನ್ಸ್‌ಮೋರ್' ಎಂದು ಕೂಗುವವರ ಗುಂಪಿನಲ್ಲಿ ನನ್ನ ಎಂಟನೇ ತರಗತಿಯ ಮಕ್ಕಳು ಕಂಬಳಿ ಹೊದ್ದು ಕುಳಿತಿರುವುದನ್ನು ನಾನೇ ನೋಡಿದ್ದೇನೆ. ಅವರಿಗೆ ಕರ್ಣ ಯಾರು, ಶಲ್ಯ ಯಾರು, ಕೃಷ್ಣ ಸಂಧಾನಕ್ಕೆ ಬಂದಾಗ ಏನಾಯಿತು ಎಂಬುದನ್ನು ಹೇಳಿಕೊಡುವ ಅಗತ್ಯವೇ ಇಲ್ಲ. ಬಸರಾಳು, ಹೊಸಹೊಳಲುಗಳ ಹೊಯ್ಸಳ ದೇವಾಲಯಗಳ ಗೋಡೆಯ ಮೇಲೆ ಆ ಕಥೆಗಳನ್ನು ಕಲ್ಲಿನಲ್ಲಿ ಕಂಡವರು ಅವರು. ಪಂಪ, ರನ್ನ, ಕುಮಾರವ್ಯಾಸರನ್ನು ಓದಲು ಬೇಕಾದ ಅರ್ಧ ಸಿದ್ಧತೆಯನ್ನು ಊರೇ ಮಾಡಿಕೊಟ್ಟಿದೆ. ಉಳಿದರ್ಧ ನಮ್ಮ ಶಾಲೆಯ ಕೆಲಸ, ಅದನ್ನು ನಾವು ಮಾಡುತ್ತಿಲ್ಲ.

ಹೀಗೆ ಯೋಚಿಸಿಯೇ ಕಳೆದ ವರ್ಷ ನಮ್ಮೂರ ನಾಟಕದಲ್ಲಿ ಬಹಳ ಕಾಲ ದುರ್ಯೋಧನನ ಪಾತ್ರ ಮಾಡಿದ ಹಿರಿಯರೊಬ್ಬರನ್ನು ತರಗತಿಗೆ ಕರೆಸಿದೆ. ಕಬ್ಬು ಬೆಳೆಯುವವರು, ಹತ್ತನೇ ತರಗತಿ ದಾಟಿದವರಲ್ಲ. 'ನನಗೆಲ್ಲಿ ಬತ್ತದವ್ವ ಪುಸ್ತಕದ ಕನ್ನಡ' ಎಂದು ಹಿಂಜರಿದರು. ಪದ್ಯವನ್ನು ದೊಡ್ಡಕ್ಷರದಲ್ಲಿ ಪದ ಬಿಡಿಸಿ ಬರೆದುಕೊಟ್ಟೆ, ಎರಡು ಸಂಜೆ ಅವರ ಮನೆಯ ಜಗುಲಿಯ ಮೇಲೆ ಕುಳಿತು ಜೊತೆಯಲ್ಲಿ ಓದಿದೆವು. ಸಂಧಿ ಮಾಡಿಕೋ ಎಂದ ಭೀಷ್ಮನಿಗೆ ದುರ್ಯೋಧನ ಹೇಳುವ ಮಾತು ಅದು:

ನೆಲಕಿರಿವೆನೆಂದು ಬಗೆದಿರೆ
ಛಲಕಿರಿವೆಂ ಪಾಂಡುಸುತರೊಳೀ ನೆಲನಿದು ಪಾಳ್
ನೆಲನೆನಗೆ ದಿನಪಸುತನಂ
ಕೊಲಿಸಿದ ನೆಲನೊಡನೆ ಮತ್ತೆ ಪುದುವಾಳ್ದಪೆನೇ

ಮಕ್ಕಳ ಮುಂದೆ ನಿಂತಾಗ ಅವರು ಹೆಗಲ ಮೇಲಿನ ಟವೆಲನ್ನು ಸೊಂಟಕ್ಕೆ ಬಿಗಿದುಕೊಂಡರು. 'ಪಾಳ್ ನೆಲನೆನಗೆ' ಎಂಬಲ್ಲಿ ನಿಲ್ಲಿಸಿ, ಅಂಗೈಯನ್ನು ನೆಲದ ಕಡೆಗೆ ತಿರುಗಿಸಿ ಒಂದು ಕ್ಷಣ ಸುಮ್ಮನಿದ್ದರು. ಪಾಳುಬಿದ್ದ ಜಮೀನು ಎಂದರೇನು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕರ್ಣನನ್ನು ಕೊಲ್ಲಿಸಿದ ಈ ನೆಲ ನನ್ನ ಪಾಲಿಗೆ ಅಂಥ ಪಾಳು ನೆಲ, ಇದರೊಡನೆ ಮತ್ತೆ ಬಾಳ್ವೆ ಮಾಡಲೇ ಎಂದು ಒಬ್ಬ ಅರಸ ಕೇಳುತ್ತಿದ್ದಾನೆ ಎಂದು ತಿಳಿಯಲು ನಿಘಂಟು ಬೇಕಾಗಲಿಲ್ಲ. ಸಾವಿರ ವರ್ಷ ಹಳೆಯ ಮಾತೊಂದು ಹೊಲದಿಂದ ಬಂದವರ ಬಾಯಲ್ಲಿ ಕಿಂಚಿತ್ತೂ ಹಳತಾಗದೆ ಕೇಳಿಸಿತು. ನನ್ನ ವೃತ್ತಿಯಲ್ಲಿ ನಾನು ಅತ್ಯಂತ ಸಂತೋಷಪಟ್ಟ ದಿನಗಳಲ್ಲಿ ಅದೂ ಒಂದು.

ಭಾಷೆ ಕಷ್ಟ ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಪಂಪನ ಚಂಪೂ ಗದ್ಯ ನನಗೂ ಕಷ್ಟವೇ. ಆದರೆ ಕಷ್ಟದ ದೊಡ್ಡ ಪಾಲು ಅಂಜಿಕೆಯದು, ಮತ್ತು ಆ ಅಂಜಿಕೆಯನ್ನು ಬಿಡಿಸುವ ದಾರಿ ನಮ್ಮ ಮಕ್ಕಳ ನಾಲಗೆಯಲ್ಲಿಯೇ ಇದೆ. ಹಳೆಯ ಕನ್ನಡದ 'ಪಾಲು' ಈಗ 'ಹಾಲು' ಆಗಿದೆ, 'ಪುಲಿ' ಹುಲಿಯಾಗಿದೆ, 'ಪೂವು' ಹೂವಾಗಿದೆ. ನಮ್ಮ ಕಡೆಯ ಮನೆಮಾತಿನಲ್ಲಿ ಆ ಹಕಾರವೂ ಹೋಗಿ 'ಆಲು', 'ಉಲಿ', 'ಊವು' ಎಂದಾಗಿದೆ. ಹಾಗೆ ಮಾತಾಡುವ ಮಕ್ಕಳು ಪೇಟೆಗೆ ಹೋದಾಗ ನಗೆಗೀಡಾಗುತ್ತಾರೆ, ಶಾಲೆಯಲ್ಲಿಯೂ ತಿದ್ದಿಸಿಕೊಳ್ಳುತ್ತಾರೆ. ಪಾಲು, ಹಾಲು, ಆಲು ಎಂದು ಒಂದರ ಕೆಳಗೊಂದು ಹಲಗೆಯ ಮೇಲೆ ಬರೆದು, ಇದು ಒಂದೇ ಮಾತು ನಡೆದುಬಂದ ದಾರಿ, ನಿಮ್ಮ ಮನೆಯ ಮಾತೂ ಆ ದಾರಿಯಲ್ಲಿಯೇ ಇದೆ ಎಂದಾಗ ಆ ಮಕ್ಕಳ ಮುಖ ಹೇಗೆ ಅರಳುತ್ತದೆಂದು ತಾವು ನೋಡಬೇಕು. ಆಮೇಲೆ ಪದ್ಯದಲ್ಲಿ ಪಕಾರ ಬಂದಲ್ಲೆಲ್ಲ ಅವರೇ ಹಕಾರ ಹಾಕಿ ನೋಡಿ ಅರ್ಥ ಹುಡುಕತೊಡಗುತ್ತಾರೆ. ಪದಕೋಶವನ್ನು ಬಾಯಿಪಾಠ ಮಾಡುವುದಕ್ಕೂ ಈ ಹುಡುಕಾಟಕ್ಕೂ ಅಜಗಜಾಂತರ.

ಛಂದಸ್ಸಿನದೂ ಹಾಗೆಯೇ. ಭಾಮಿನಿ ಷಟ್ಪದಿಯ ಮೂರು, ನಾಲ್ಕು ಮಾತ್ರೆಗಳ ಲೆಕ್ಕವನ್ನು ಲಘು ಗುರುಗಳ ಗೆರೆ ಎಳೆದು ಕಲಿಸುವ ಮೊದಲು ಬೆಂಚಿನ ಮೇಲೆ ತಾಳ ಹಾಕಿಸುತ್ತೇನೆ. ಕುಮಾರವ್ಯಾಸನ ವಿರಾಟಪರ್ವದಲ್ಲಿ ಅಂತಃಪುರದ ಹೆಂಗಸರ ಮುಂದೆ ಪೌರುಷ ಕೊಚ್ಚಿಕೊಂಡ ಉತ್ತರಕುಮಾರ, ಕೌರವ ಸೇನೆಯನ್ನು ಕಣ್ಣಾರೆ ಕಂಡೊಡನೆ ಬೃಹನ್ನಳೆಗೆ ಹೇಳುವ ಮಾತು 'ಹಸಿದ ಮಾರಿಯ ಮಂದೆಯಲಿ ಕುರಿ ನುಸುಳಿದಂತಾದೆನು' ಎಂದು. ಮಾರಿಹಬ್ಬವನ್ನೂ ಕುರಿಮಂದೆಯನ್ನೂ ಬಲ್ಲ ಮಕ್ಕಳಿಗೆ ಆ ಚಿತ್ರದಲ್ಲಿ ವಿವರಿಸಲು ಏನೂ ಉಳಿದಿಲ್ಲ. ಅವರು ನಗುತ್ತಾರೆ, ನಗುತ್ತಲೇ ತಾಳ ಹಾಕುತ್ತಾರೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಯಜ್ಞದ ಕುದುರೆಯನ್ನು ಲವ ತನ್ನ ಉತ್ತರೀಯದಿಂದ ಬಾಳೆಯ ಗಿಡಕ್ಕೆ ಕಟ್ಟಿಹಾಕಿದಾಗ ಜೊತೆಗಿದ್ದ ಮುನಿಗಳ ಮಕ್ಕಳು ನಡುಗಿ 'ಬೇಡಬೇಡರಸುಗಳ ವಾಜಿಯಂ ಬಿಡು ಬಡಿವರ್' ಎನ್ನುತ್ತಾರೆ. ಯಾರದೋ ತೋಟದ ಮಾವಿನ ಮರ ಹತ್ತಿದ ಗೆಳೆಯನಿಗೆ ಕೆಳಗೆ ನಿಂತವರು ಹೇಳುವ ಮಾತೇ ಅದು. ಒಬ್ಬನನ್ನು ಲವನನ್ನಾಗಿ ನಿಲ್ಲಿಸಿ ಉಳಿದವರೆಲ್ಲ ಒಟ್ಟಿಗೆ ಆ ಸಾಲನ್ನು ಹೇಳಿದರೆ ವಾರ್ಧಕ ಷಟ್ಪದಿಯ ಐದು ಮಾತ್ರೆಯ ನಡೆ ಅವರ ಮೈಗೇ ಹತ್ತುತ್ತದೆ. ಗಣ ವಿಂಗಡಣೆ ಆಮೇಲೆ ತಪ್ಪುವುದಿಲ್ಲ. ಕಿವಿ ಬಲ್ಲದ್ದನ್ನೇ ಕೈ ಬರೆಯುತ್ತದೆ.

ಈ ಸಾಹಿತ್ಯ ದೂರದ ಯಾವುದೋ ಊರಿನದಲ್ಲ ಎಂಬುದನ್ನೂ ನಮ್ಮ ಮಕ್ಕಳಿಗೆ ಯಾರೂ ಹೇಳುತ್ತಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಸುಮಾರು 950ನೇ ಇಸವಿಯದು. ಪಂಪ ತನ್ನ ಕಾವ್ಯಗಳನ್ನು ಬರೆದ ಕಾಲಕ್ಕೆ ಒಂದು ದಶಕದಷ್ಟೇ ಈಚಿನದು. ರಾಷ್ಟ್ರಕೂಟರ ಮೂರನೆಯ ಕೃಷ್ಣ ಮೆಚ್ಚಿ ಏನು ಬೇಕೆಂದು ಕೇಳಿದಾಗ ಮಣಲೇರನೆಂಬ ವೀರ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದದ್ದು, ಆ ನಾಯಿ ಕಾಡುಹಂದಿಯ ಮೇಲೆ ಬಿದ್ದು ಕಾದಾಡಿ ಎರಡೂ ಸತ್ತದ್ದು, ಅದರ ನೆನಪಿಗೆ ಕಲ್ಲು ನಿಲ್ಲಿಸಿದ್ದು ಆ ಶಾಸನದಲ್ಲಿದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯ ಹೆಸರು ಹಳಗನ್ನಡದಲ್ಲಿ ಉಳಿದಿದೆ ಎಂಬುದನ್ನು ಕೇಳಿದ ಆರನೇ ತರಗತಿಯ ಮಗುವಿಗೂ ಹಳಗನ್ನಡದ ಮೇಲೆ ಅಕ್ಕರೆ ಹುಟ್ಟುತ್ತದೆ, ನಾನು ಕಂಡಿದ್ದೇನೆ.

ಶ್ರೀರಂಗಪಟ್ಟಣದ ಕೋಟೆಯನ್ನು ಬಸ್ಸಿನ ಕಿಟಕಿಯಿಂದ ದಿನವೂ ನೋಡುವ ಮಕ್ಕಳಿಗೆ ಅಲ್ಲಿ 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ ತಿರುಮಲಾರ್ಯ, ಚಿಕುಪಾಧ್ಯಾಯರಂಥ ಕವಿಗಳಿದ್ದರೆಂದಾಗಲಿ, ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ನಾಟಕ ಸಿಂಗರಾರ್ಯನ ಮಿತ್ರವಿಂದಾ ಗೋವಿಂದ ಆ ಪರಿಸರದಲ್ಲಿ ಹುಟ್ಟಿತೆಂದಾಗಲಿ ತಿಳಿದಿಲ್ಲ. ಯಳಂದೂರಿನಿಂದ ಬಂದು ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮ ಸಾಂಗತ್ಯವೆಂಬ ಹಾಡುವ ಛಂದಸ್ಸಿನಲ್ಲಿ ಹದಿಬದೆಯ ಧರ್ಮವನ್ನು ಬರೆದದ್ದೂ ಅಲ್ಲಿಯೇ. 'ಪೆಣ್ಣಲ್ಲವೆ ತಮ್ಮನೆಲ್ಲ ಪಡೆದ ತಾಯಿ, ಪೆಣ್ಣಲ್ಲವೆ ಪೊರೆದವಳು' ಎಂದು ಕೇಳಿ, ಹೆಣ್ಣು ಹೆಣ್ಣೆಂದು ಹಳಿಯುವವರನ್ನು 'ಕಣ್ಣು ಕಾಣದ ಗಾವಿಲರು', ಅಂದರೆ ಮೂಢರು, ಎಂದವಳು ಅವಳು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಆ ಸಾಲನ್ನು ತನ್ನ ನೋಟ್‌ಬುಕ್ಕಿನ ರಟ್ಟಿನ ಮೇಲೆ ಬಣ್ಣದ ಪೆನ್ನಿನಲ್ಲಿ ಬರೆದುಕೊಂಡಳು. ಎರಡು ವಾರದ ಮೇಲೆ ನನ್ನ ಪುಸ್ತಕವನ್ನು ಕೇಳಿ ಪಡೆದು ಮನೆಯಲ್ಲಿ ಓದಿಬಂದು, "ಮಿಸ್, ಇಷ್ಟು ಚೆನ್ನಾಗಿ ಕೇಳಿದವಳು ಬೇರೆ ಕಡೆ ಗಂಡ ಹೇಳಿದಂಗೆ ನಡ್ಕೊಬೇಕು ಅಂತ ಯಾಕೆ ಬರ್ದಿದ್ದಾಳೆ?" ಎಂದು ಕೇಳಿದಳು. ಪತಿವ್ರತಾ ಧರ್ಮವನ್ನು ಬೋಧಿಸುವ ಕೃತಿಯ ಎಲ್ಲವನ್ನೂ ಇಂದಿನ ಹೆಣ್ಣುಮಗಳು ಒಪ್ಪಬೇಕಾಗಿಲ್ಲ, ಒಪ್ಪಲೂ ಕೂಡದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನು ಅವಳಿಗೂ ಹೇಳಿದೆ. ಮೂರು ಶತಮಾನಗಳ ಹಿಂದಿನ ಕವಯಿತ್ರಿಯೊಡನೆ ಹದಿನಾಲ್ಕರ ಹುಡುಗಿ ಜಗಳಕ್ಕೆ ನಿಂತಳಲ್ಲ, ಅದಕ್ಕಿಂತ ಒಳ್ಳೆಯ ಓದು ಯಾವುದಿದೆ? ನಮ್ಮ ಪಠ್ಯಕ್ರಮ ಅವಳಿಂದ ಅದನ್ನು ಕೇಳುವುದೇ ಇಲ್ಲ. ಕವಯಿತ್ರಿಯ ಕಾಲ ಮತ್ತು ಕೃತಿಯ ಹೆಸರು ಬರೆದರೆ ಅದಕ್ಕೆ ಸಾಕು.

ಈಗ ಪುಸ್ತಕದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಆಸೆ ಹುಟ್ಟಿದ ಮೇಲೆ ಆ ಹುಡುಗಿ ನನ್ನ ಮನೆಯ ಪುಸ್ತಕವನ್ನೇ ನೆಚ್ಚಬೇಕಾಯಿತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಅಡಿಗೆ ಬಂದು ಅರಿವು ಕೇಂದ್ರಗಳೆಂದು ಹೆಸರಾದ ಮೇಲೆ ಅನೇಕ ಕಡೆ ಕಟ್ಟಡ ಸುಧಾರಿಸಿದೆ, ಕಂಪ್ಯೂಟರು ಬಂದಿದೆ, ಮಕ್ಕಳ ಮೂಲೆಯೊಂದು ಬಣ್ಣ ಕಂಡಿದೆ. ಇದನ್ನು ನಾನು ಮನಃಪೂರ್ವಕವಾಗಿ ಮೆಚ್ಚುತ್ತೇನೆ. ಆದರೆ ನಾನು ಹೋಗಿ ನೋಡಿದ ಕೇಂದ್ರವೊಂದರಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು ಎರಡು ಕಪಾಟು ತುಂಬಿದ್ದವು. ಕುಮಾರವ್ಯಾಸ ಭಾರತ ಇರಲಿಲ್ಲ, ಜೈಮಿನಿ ಭಾರತ ಇರಲಿಲ್ಲ, ರಾಘವಾಂಕನ ಹರಿಶ್ಚಂದ್ರ ಕಾವ್ಯ ಇರಲಿಲ್ಲ, ವಚನಗಳ ಒಂದು ಸಂಗ್ರಹ ಮಾತ್ರ ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ ಕುಳಿತಿತ್ತು. ಶಾಲೆ ಬಿಟ್ಟು ಮಕ್ಕಳು ಬಿಡುವಾಗಿರುವ ಸಂಜೆಯ ಹೊತ್ತಿಗೆ ಅದರ ಬಾಗಿಲು ಹಾಕಿರುತ್ತಿತ್ತು. ಕೇಂದ್ರವನ್ನು ನೋಡಿಕೊಳ್ಳುವವರನ್ನು ನಾನು ದೂರುವುದಿಲ್ಲ. ಅವರಿಗೆ ಸಿಗುವ ಸಂಬಳ, ಸೌಕರ್ಯಗಳನ್ನು ಬಲ್ಲವರು ಯಾರೂ ದೂರಲಾರರು. ಗ್ರಂಥಾಲಯ ಕರವೆಂದು ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರು ರೂಪಾಯಿ ಕೊಡುವ ಊರಿನವರಿಗೆ ತಮ್ಮ ಭಾಷೆಯ ಅತಿ ದೊಡ್ಡ ಕಾವ್ಯದ ಒಂದು ಪ್ರತಿ ಕೇಳುವ ಹಕ್ಕಿದೆ ಎಂದಷ್ಟೇ ನಾನು ಹೇಳುವುದು. ಹಿಂದೆ ಮೈಸೂರು ಸರ್ಕಾರವೇ ಕುವೆಂಪು ಮತ್ತು ಮಾಸ್ತಿಯವರಿಂದ ಕುಮಾರವ್ಯಾಸ ಭಾರತವನ್ನು ಸಂಪಾದಿಸಿ ಜನರ ಕೈಗೆಟಕುವ ಬೆಲೆಗೆ ಕೊಟ್ಟಿತ್ತು. ಆ ಪುಸ್ತಕ ಎಷ್ಟೋ ಮನೆಗಳ ದೇವರ ಗೂ­ಡಿನ ಪಕ್ಕದಲ್ಲಿತ್ತು. ನನ್ನ ತಾತನ ಮನೆಯಲ್ಲಿಯೂ ಇತ್ತು.

ನಾನು ಕೇಳುತ್ತಿರುವುದು ದೊಡ್ಡ ಯೋಜನೆಯನ್ನಲ್ಲ. ಆರನೇ ತರಗತಿಯಿಂದ ಹತ್ತನೆಯವರೆಗೆ ವಾರಕ್ಕೆ ಒಂದೇ ಒಂದು ಕನ್ನಡ ಪೀರಿಯಡ್ಡನ್ನು ಕೇಳುವುದಕ್ಕೆಂದು ಬಿಟ್ಟುಕೊಡಿ. ಆ ನಲವತ್ತು ನಿಮಿಷದಲ್ಲಿ ಶಿಕ್ಷಕರು ಓದಲಿ, ಮಕ್ಕಳು ಓದಲಿ, ಊರಿನ ನಾಟಕದವರು, ಕಂಸಾಳೆಯವರು, ಮಂಟೇಸ್ವಾಮಿಯ ಕಾವ್ಯ ಹಾಡುವ ನೀಲಗಾರರು ಬಂದು ಹಾಡಲಿ, ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳು ಸಿಕ್ಕರೆ ಅವರು ವಾಚನ ಮಾಡಲಿ. ಅದರಲ್ಲಿ ಓದಿದ್ದರ ಮೇಲೆ ಯಾವ ಪರೀಕ್ಷೆಯೂ ಬೇಡ, ಚಟುವಟಿಕೆಯ ಅಂಕವೂ ಬೇಡ, ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಕೆಂಬ ಸುತ್ತೋಲೆಯೂ ಬೇಡ. ಅಂಕ ಬಂದ ಮರುದಿನವೇ ಗೈಡೂ ಬರುತ್ತದೆ. ಇದನ್ನು ಇಪ್ಪತ್ತೊಂದು ವರ್ಷದ ಅನುಭವದಿಂದ ಹೇಳುತ್ತಿದ್ದೇನೆ. ಬ್ಯಾಗ್ ಇಲ್ಲದ ಶನಿವಾರದ ಒಳ್ಳೆಯ ಪದ್ಧತಿಯನ್ನು ಇಲಾಖೆಯೇ ತಂದಿರುವುದರಿಂದ ವೇಳಾಪಟ್ಟಿ ಕದಡದೆಯೂ ಇದನ್ನು ಅಲ್ಲಿಂದ ಆರಂಭಿಸಬಹುದು.

ಇದಕ್ಕೆ ಶಿಕ್ಷಕರು ಸಿದ್ಧರಿದ್ದೇವೆಯೇ ಎಂದು ತಾವು ಕೇಳಬಹುದು. ಬಹಳಷ್ಟು ಮಂದಿ ಸಿದ್ಧರಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ನಮಗೂ ಯಾರೂ ಓದಿ ತೋರಿಸಿರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುವಾಗ ಪಂಪನನ್ನು ಗಟ್ಟಿಯಾಗಿ, ಉಸಿರು ಹಿಡಿದು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು ಓದುವ ಮೇಷ್ಟರೊಬ್ಬರು ಸಿಗದೆ ಹೋಗಿದ್ದರೆ ನಾನೂ ಭಾವಾರ್ಥವನ್ನು ಬರೆಸಿಕೊಂಡು ಹೋಗುವ ಶಿಕ್ಷಕಿಯೇ ಆಗಿರುತ್ತಿದ್ದೆ. 'ನೆನೆಯದಿರಣ್ಣ ಭಾರತದೊಳಿಂ ಪೆರರಾರುಮನ್' ಎಂಬ ಸಾಲನ್ನು ಅವರು ಕರ್ಣನಿಗಾಗಿ ಓದಿದ ದನಿ ಈಗಲೂ ನನ್ನ ಕಿವಿಯಲ್ಲಿದೆ, ನಾನು ಓದುವಾಗ ಅದೇ ದನಿ ಬರುತ್ತದೆ. ಹಾಗಾಗಿ ತರಬೇತಿಯ ದಿನಗಳಲ್ಲಿ ಪವರ್‌ಪಾಯಿಂಟ್ ತೋರಿಸುವ ಬದಲು ನಮ್ಮ ಕೈಗೆ ಪದ್ಯ ಕೊಟ್ಟು ನಮ್ಮಿಂದ ಓದಿಸಿ, ತಿದ್ದಿಸಿ. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು ಹಳ್ಳಿಗಳಿಗೆ ಹೋಗಿ ಉಪನ್ಯಾಸ ಕೊಟ್ಟು, ಆ ಉಪನ್ಯಾಸಗಳನ್ನು ಪುಟ್ಟ ಪುಸ್ತಕಗಳಾಗಿ ಅದರ ಪ್ರಕಟಣಾ ವಿಭಾಗವಾದ ಪ್ರಸಾರಾಂಗ ಅಚ್ಚು ಹಾಕುತ್ತಿದ್ದ ಕಾಲವೊಂದಿತ್ತು. ಗಂಗೋತ್ರಿಯಿಂದ ನಮ್ಮ ಶಾಲೆಗೆ ಒಂದು ಗಂಟೆಯ ದಾರಿ. ಕನ್ನಡಕ್ಕೆ 2008ರಲ್ಲಿ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆತ ಮೇಲೆ ಅದಕ್ಕೆಂದೇ ಅಧ್ಯಯನ ಕೇಂದ್ರವೂ ಮೈಸೂರಿನಲ್ಲಿಯೇ ಇದೆ. ಅಲ್ಲಿನ ಸಂಶೋಧನಾ ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಒಂದೊಂದು ಪ್ರೌಢಶಾಲೆಗೆ ಬಂದು ಒಂದು ಗಂಟೆ ಓದಿಹೋದರೆ ಅವರಿಗೂ ಒಳ್ಳೆಯದು, ನಮಗೂ ಒಳ್ಳೆಯದು.

ಪಠ್ಯಪುಸ್ತಕದ ಪಾಠಗಳ ಪಕ್ಕದಲ್ಲಿ ಕ್ಯೂಆರ್ ಕೋಡ್ ಅಚ್ಚಾಗಿದೆ. ಪದ್ಯಪಾಠಗಳಲ್ಲಿ ಆ ಕೋಡಿನ ಹಿಂದೆ ಒಳ್ಳೆಯ ಗಮಕಿಯ ವಾಚನವಿರಲಿ, ಅದೂ ಒಬ್ಬರದಲ್ಲ, ಇಬ್ಬರು ಮೂವರದು. ಒಂದೇ ಪದ್ಯವನ್ನು ಇಬ್ಬರು ಬೇರೆ ಬೇರೆಯಾಗಿ ಓದುವುದನ್ನು ಕೇಳಿದ ಮಗು ತಾನು ಮೂರನೆಯ ಬಗೆಯಲ್ಲಿ ಓದಲು ಯತ್ನಿಸುತ್ತದೆ. ಮೊಬೈಲನ್ನು ಬೈಯುತ್ತ ಕೂರುವುದರಲ್ಲಿ ನನಗೆ ನಂಬಿಕೆಯಿಲ್ಲ. ಕಾವ್ಯ ಮೊದಲಿನಿಂದಲೂ ಕಿವಿಯ ದಾರಿಯಲ್ಲಿ ಬಂದದ್ದು, ಮೊಬೈಲು ಆ ದಾರಿಗೆ ಒದಗಿದರೆ ಒದಗಲಿ.

ಗದ್ಯಾನುವಾದಗಳನ್ನೂ ಸಂಗ್ರಹಗಳನ್ನೂ ಕೊಟ್ಟರೆ ಸಾಲದೇ ಎಂದು ಕೆಲವು ಸಹೋದ್ಯೋಗಿಗಳು ಕೇಳುತ್ತಾರೆ. ಅವು ಬೇಕು, ಖಂಡಿತ ಬೇಕು; ಎ.ಆರ್. ಕೃಷ್ಣಶಾಸ್ತ್ರಿಗಳ ವಚನಭಾರತವನ್ನು ಓದಿದ ನನ್ನ ಎಷ್ಟೋ ವಿದ್ಯಾರ್ಥಿಗಳು ಅದರಿಂದಲೇ ಕುಮಾರವ್ಯಾಸನ ಕಡೆಗೆ ಹೊರಳಿದ್ದಾರೆ. ಆದರೆ ಅವು ಮೂಲದ ಬದಲಿಗೆ ಬಂದು ಕೂರಬಾರದು. 'ದುರ್ಯೋಧನನು ನೀರಿನಲ್ಲಿದ್ದರೂ ಬೆವರಿದನು' ಎಂದು ಹೊಸಗನ್ನಡದಲ್ಲಿ ಬರೆದರೆ ಸುದ್ದಿ ತಿಳಿಯುತ್ತದೆ. ಮೂರು ಸಲ ಅಪ್ಪಳಿಸುವ ಆ 'ರವಮಂ' ಇಲ್ಲದೆ ಅವನೇಕೆ ಬೆವರಿದನೆಂದು ಮೈಗೆ ತಿಳಿಯುವುದಿಲ್ಲ. ಪದ್ಯ ಹತ್ತಾದರೂ ಸಾಕು, ಐದಾದರೂ ಸಾಕು, ಮೂಲದಲ್ಲಿಯೇ ಇರಲಿ. ಸಂಖ್ಯೆ ಕಡಿಮೆ ಮಾಡಿ ಸಮಯ ಹೆಚ್ಚು ಕೊಡುವುದಾದರೆ ಅದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ.

ಅರಿವು ಕೇಂದ್ರಗಳ ಬಗ್ಗೆ ನನ್ನ ಬೇಡಿಕೆ ಎರಡೇ ಮಾತಿನದು: ದೊಡ್ಡಕ್ಷರದಲ್ಲಿ ಅಚ್ಚಾದ, ಪದ ಬಿಡಿಸಿ ಅರ್ಥ ಕೊಟ್ಟ ಹಳೆಯ ಕಾವ್ಯಗಳ ಪ್ರತಿಗಳು ಪ್ರತಿ ಕೇಂದ್ರದಲ್ಲಿ ಇರಲಿ, ಮತ್ತು ಮಕ್ಕಳು ಬರಬಹುದಾದ ಸಂಜೆಯ ಹೊತ್ತಿನಲ್ಲಿ ಬಾಗಿಲು ತೆರೆದಿರಲಿ. ಹೆಚ್ಚುವರಿ ಹೊತ್ತಿಗೆ ಮೇಲ್ವಿಚಾರಕರಿಗೆ ಹೆಚ್ಚುವರಿ ಸಂಭಾವನೆಯನ್ನೂ ಕೊಡಬೇಕು.

ಮಂಡ್ಯ 1974ರಲ್ಲಿ, 1994ರಲ್ಲಿ, ಮತ್ತೆ 2024ರಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವನ್ನು ನಡೆಸಿದ ಊರು. 2024ರ ಸಮ್ಮೇಳನಕ್ಕೆ ನಮ್ಮ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಪುಸ್ತಕ ಮಳಿಗೆಗಳ ಸಾಲಿನಲ್ಲಿ ಮನೆಯಿಂದ ಕೊಟ್ಟ ಹಣವನ್ನು ಒಟ್ಟುಗೂಡಿಸಿ ನಾಲ್ವರು ಹುಡುಗರು ಹಳೆಯ ಕಾವ್ಯವೊಂದನ್ನು ಕೊಂಡರು. ತಲಾ ಎಷ್ಟು ದಿನ ಯಾರ ಮನೆಯಲ್ಲಿ ಇರಬೇಕೆಂದು ಬಸ್ಸಿನಲ್ಲಿಯೇ ಲೆಕ್ಕ ಹಾಕಿಕೊಂಡರು. ಮಕ್ಕಳಿಗೆ ಆಸಕ್ತಿಯಿಲ್ಲ ಎಂದು ಮುಂದಿನ ಸಭೆಯಲ್ಲಿ ಯಾರಾದರೂ ಹೇಳಿದರೆ ಈ ನಾಲ್ವರನ್ನು ನೆನೆದುಕೊಳ್ಳಬೇಕೆಂದು ಕೋರುತ್ತೇನೆ.

ಈ ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ನಮ್ಮ ಒಂಬತ್ತನೇ ತರಗತಿಯವರು ಉತ್ತರಕುಮಾರನ ಪ್ರಸಂಗವನ್ನು ಓದುತ್ತಾರೆ. ತಾವಿಬ್ಬರೂ, ಅಥವಾ ತಮ್ಮ ಪರವಾಗಿ ಯಾರಾದರೂ, ಮುಂಚಿತವಾಗಿ ತಿಳಿಸದೆಯೇ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಬಹುದು. ಹಾರ ತುರಾಯಿ ಇರುವುದಿಲ್ಲ. ಬರುವಾಗ ಸಾಧ್ಯವಾದರೆ ಕುಮಾರವ್ಯಾಸ ಭಾರತದ ಪ್ರತಿಗಳನ್ನು ತನ್ನಿ. ನಲವತ್ತಮೂರು ಮಕ್ಕಳಿಗೆ ನಮ್ಮಲ್ಲಿರುವುದು ನನ್ನ ತಾತನ ಮನೆಯಿಂದ ತಂದ ಒಂದೇ ಪ್ರತಿ. ಕೈಯಿಂದ ಕೈಗೆ ಹೋಗಿ ಅದರಲ್ಲಿ ವಿರಾಟಪರ್ವದ ಹಾಳೆಗಳು ಹೊಲಿಗೆ ಬಿಟ್ಟಿವೆ. ಆ ಹಾಳೆಗಳನ್ನು ಮಕ್ಕಳು ದಾರದಿಂದ ತಾವೇ ಹೊಲಿದುಕೊಂಡಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಕನ್ನಡ ಶಿಕ್ಷಕಿ
ಮಂಡ್ಯ ಜಿಲ್ಲೆ